ಪ್ರಾಣೇಶನ ಉಸಿರು

ಜಯ ಸಂವತ್ಸರ, ಚೈತ್ರ ಬಹುಳ ಚೌತಿ. ಬಳ್ಳಾರಿ

ತಮ್ಮ ಜಯತೀರ್ಥ ಕಚೇರಿಯಿಂದ ಒಂದು ಮಗ್ಗುಲು ಖಾಲಿ ಇರುವ ಕಾಗದಗಳನ್ನು ತಂದಿದ್ದ. ಒಲೆ ಹಚ್ಚಲಿಕ್ಕೆಂದು ತಂದದ್ದು. ನಾನು ಕೇಳಿ ಇಟ್ಟುಕೊಂಡೆ. ಅವನಿಗೆ ಅಕ್ಷರ ಕಲಿಸುವಾಗ ಅಪ್ಪ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿದ್ದರು. ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ಈ ಮನೆಗೆ ವಾಪಸಾದ ಮೇಲೆ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಇಂಗ್ಲಿಷರ ಲೆಕ್ಕದಲ್ಲಿ ಇದು ೧೮೯೪ನೇ ಇಸವಿಯಂತೆ. ಕಾಗದದ ಆಚೆ ಬದಿಯಲ್ಲಿ ಹಾಗೆ ಇದೆ. ಇದನ್ನು ಯಾರಿಗೂ ತೋರಿಸುವುದಿಲ್ಲ. ಮನೆಯಲ್ಲಿ ಮಾತಾಡುವ ಸರದಿ ನನಗೆ ಬರುವುದು ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಅಮ್ಮ ಮೊಮ್ಮಗನನ್ನು ಎತ್ತಿ ಮುದ್ದಿಡಲು ಹೋದವರು ಥಟ್ಟನೆ ಮುಖ ಹಿಂದೆಗೆದರು.

"ಇಂದಿರಾ, ಏನಿದು ಕೂಸಿನ ಬಾಯಿ? ಸತ್ತ ಇಲಿ ನಾತ ಬಂದಂಗ ಬರ್ತದಲ್ಲ!"

ತಮ್ಮನ ಹೆಂಡತಿ ಇಂದಿರೆ ಅಡಿಗೆಮನೆಯಿಂದ ಓಡಿ ಬಂದಳು. ಮಗುವಿನ ಬಾಯಿ ಮೂಸಿ ನೋಡಿದಳು. "ನಿನ್ನೇನೂ ಇತ್ರೀ ಅತ್ತಿ. ಹಾಲು ಕಕ್ಕಿದ್ದಕ್ಕ ಅಂತ ಮಾಡಿದ್ದೆ," ಎಂದಳು.

"ನಿನ್ನೆ ಇತ್ತು ಅಂದ್ರ ನಿನ್ನೇನ ಹೇಳಬೇಕಾಗಿತ್ತು."

ಜಯತೀರ್ಥನ ಮಗುವಿಗೆ ಇನ್ನೂ ವರ್ಷ ತುಂಬಿಲ್ಲ, ಅಂಬೆಗಾಲಿಡುತ್ತಾನೆ. ಪ್ರಾಣೇಶ ಎಂದು ಹೆಸರು. ನಾನು ಮೂಸಿ ನೋಡಲಿಲ್ಲ. ನನ್ನಂಥವಳ ಮುಖ ಮಗುವಿನ ಕಣ್ಣಿಗೆ ಬೀಳುವುದು ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅವನು ಹುಟ್ಟಿದ ದಿನವೇ ಅಮ್ಮ ಹೇಳಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಚೈತ್ರ ಬಹುಳ ದಶಮಿ

ಬಿಸಿಲು. ಗುಡ್ಡದ ಬಂಡೆಗಳು ಕಾದು, ಸಂಜೆಯಾದರೂ ಕೋಟೆಯ ಕಡೆಯಿಂದ ಒಲೆಯ ಬಾಯಿ ತೆರೆದಂತೆ ಗಾಳಿ ಬೀಸುತ್ತದೆ.

ಮಗುವಿನ ಬಾಯಿಯ ವಾಸನೆ ಹೋಗಿಲ್ಲ, ಹೆಚ್ಚಾಗಿದೆ. ಬಂದವರೆಲ್ಲ ಒಂದೊಂದು ಕಾರಣ ಹೇಳುತ್ತಾರೆ. ಹಲ್ಲು ಒಡೆಯುವ ಕಾಲ ಎಂದು ಪಕ್ಕದ ಮನೆಯವರು. ದೃಷ್ಟಿ ಎಂದು ಅವರ ಅತ್ತೆ. ಮಗುವಿಗೆ ಎಣ್ಣೆನೀರು ಹಾಕುವ ವಿರೂಪಮ್ಮ ಬೆರಳಿಗೆ ಬಟ್ಟೆ ಸುತ್ತಿ, ಜೇನುತುಪ್ಪದಲ್ಲಿ ಅದ್ದಿ ನಾಲಗೆ ತಿಕ್ಕಿದಳು.

"ನಾಲಿಗಿ ಹಸನ ಐತ್ರಿ ಅಮ್ಮಾರೆ. ಹೊಟ್ಯಾಗ ಜಂತು ಅದಾವು. ಅವು ಸತ್ತು ನಾತ ಮ್ಯಾಲೆ ಬರಾಕ ಹತ್ತೈತಿ," ಎಂದಳು.

ವಾಯುವಿಳಂಗ ಅರೆದು ಕುಡಿಸಿದ್ದಾಯಿತು. ಮಗು ವಾಂತಿ ಮಾಡಿತು, ಜಂತು ಬೀಳಲಿಲ್ಲ. ಮೂಗು ಬೇರೆ ಸೋರುತ್ತಿದೆ, ಎಡಗಡೆಯದು ಮಾತ್ರ. ಇಂದಿರೆ ಸೆರಗಿನಿಂದ ಒರೆಸಿ ಒರೆಸಿ ಮೂಗಿನ ಕೆಳಗೆ ಚರ್ಮ ಕೆಂಪಾಗಿದೆ.

ಅವಳು ಈಗ ಹುಳಿ, ಖಾರ, ಬದನೆ ಏನನ್ನೂ ತಿನ್ನುವಂತಿಲ್ಲ. ಅನ್ನ, ತುಪ್ಪ, ಮೆಣಸಿನ ಸಾರು. ಅನ್ನ ಬಡಿಸುವಾಗ ಅಮ್ಮ ಅವಳ ತಟ್ಟೆಯನ್ನೇ ನೋಡುತ್ತಿರುತ್ತಾರೆ.

ವೈಶಾಖ ಶುದ್ಧ ಬಿದಿಗೆ

ಕೌಲ್ ಬಜಾರಿನ ಆಚೆಯಿಂದ ವೈದ್ಯರನ್ನು ಕರೆಸಿದ್ದರು. ವಯಸ್ಸಾದವರು, ಮಾತು ಕಡಿಮೆ. ಮಗುವಿನ ನಾಡಿ ನೋಡಿದರು, ಬಾಯಿ ನೋಡಿದರು. ಆಮೇಲೆ ಒಂದು ಬಟ್ಟಲಲ್ಲಿ ತಿಳಿನೀರು ತಂದು ತಾಯಿಯ ಹಾಲನ್ನು ಅದರಲ್ಲಿ ಹಿಂಡಿಸಿಕೊಂಡು ಬನ್ನಿ ಎಂದರು. ಒಳ್ಳೆಯ ಹಾಲು ನೀರಿನಲ್ಲಿ ಬೆರೆತುಹೋಗುತ್ತದಂತೆ, ದೋಷವಿದ್ದದ್ದು ಎಳೆಯಾಗಿ ತಳಕ್ಕೆ ಇಳಿಯುತ್ತದಂತೆ.

ನಾನೇ ಬಟ್ಟಲು ಹಿಡಿದುಕೊಂಡು ಇಂದಿರೆಯ ಜೊತೆ ಕೋಣೆಯೊಳಗೆ ಹೋದೆ. ಮೊದಲು ಹಾಲೇ ಬರಲಿಲ್ಲ. "ಸರಸಕ್ಕ, ಹೆದರಿಕಿಗೆ ಬರವಲ್ದು ನೋಡ್ರಿ," ಎಂದು ಅತ್ತಳು. ಆಚೆ ಪಡಸಾಲೆಯಲ್ಲಿ ಮಗು ಅತ್ತಿತು. ಆ ಸದ್ದಿಗೆ ತಾನಾಗಿ ಹನಿಯಿತು.

ಬಟ್ಟಲನ್ನು ವೈದ್ಯರ ಮುಂದೆ ಇಟ್ಟೆ. ಎಲ್ಲರೂ ಬಗ್ಗಿ ನೋಡಿದರು. ಒಂದು ಬಿಳಿಯ ಎಳೆ ನಿಧಾನವಾಗಿ ಕೆಳಗಿಳಿಯಿತು. ಮಿಕ್ಕದ್ದು ನೀರಿನಲ್ಲಿ ಮಂಜಿನಂತೆ ಹರಡಿಕೊಂಡಿತ್ತು, ಅದನ್ನು ಯಾರೂ ನೋಡಿದ ಹಾಗಿರಲಿಲ್ಲ.

"ಸ್ತನ್ಯದೋಷ," ಎಂದರು ವೈದ್ಯರು. "ಮೊಲೆ ಬಿಡಸ್ರಿ. ಉಸಿರೂ ತಾಗಬಾರದು."

ಜಯತೀರ್ಥ ಹೊರಗೆ ಕಟ್ಟೆಯ ಮೇಲೆ ನಿಂತಿದ್ದ. ಅಮ್ಮ ಹೋಗಿ ಹೇಳಿದರು. ಅವನು ತಲೆಯಾಡಿಸಿ ರುಮಾಲು ಸುತ್ತಿಕೊಂಡು ಕಚೇರಿಗೆ ನಡೆದ.

ವೈಶಾಖ ಶುದ್ಧ ಷಷ್ಠಿ

ಇಂದಿರೆಯನ್ನು ಅವಳ ತಂದೆ ಗುರುರಾಜಾಚಾರ್ಯರು ಬಂದು ಸಿರುಗುಪ್ಪಕ್ಕೆ ಕರೆದುಕೊಂಡು ಹೋದರು. ಒಂದೇ ಮನೆಯಲ್ಲಿದ್ದರೆ ಮಗು ಬಿಡುವುದಿಲ್ಲ, ಇವಳೂ ಬಿಡುವುದಿಲ್ಲ ಎಂದು ಅಮ್ಮ ಹೇಳಿಕಳಿಸಿದ್ದರು. ಆಚಾರ್ಯರು ಊಟ ಮಾಡಲಿಲ್ಲ.

ಗಾಡಿ ಹತ್ತುವಾಗ ಇಂದಿರೆಯ ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು. ಸೆರಗು ಎಳೆದುಕೊಂಡು ಮುಚ್ಚಿದಳು. ನನ್ನ ಕೈ ಹಿಡಿದು, "ಬಲಮಗ್ಗುಲಿಗೆ ಹಾಕಿದ್ರ ಮಲಗ್ತಾನ್ರಿ. ಬೆನ್ನು ತಟ್ಟಬ್ಯಾಡ್ರಿ, ಸವರಬೇಕು," ಎಂದಳು. ಮಗು ಒಳಗೆ ಕಿರುಚುತ್ತಿತ್ತು. ನಾನು ಬಾವಿಯ ಹತ್ತಿರ ಹೋಗಿ ಅತ್ತೆ. ಎಂಥ ಅನ್ಯಾಯ ಎನ್ನಿಸಿತು. ಆದರೆ ಬಟ್ಟಲನ್ನು ನಾನೂ ಕಣ್ಣಾರೆ ನೋಡಿದ್ದೇನೆ.

ಅಮ್ಮನಿಗೆ ಉಬ್ಬಸ. ಮಗುವನ್ನು ಎತ್ತಿಕೊಂಡು ತಿರುಗಲು ಆಗುವುದಿಲ್ಲ. "ಸದ್ಯಕ್ಕ ನೀನ ನೋಡ್ಕೋ, ಸರಸೂ," ಎಂದರು. ನನ್ನ ಮುಖದ ಮಾತು ಎತ್ತಲಿಲ್ಲ.

ವೈಶಾಖ ಶುದ್ಧ ಏಕಾದಶಿ

ನಿರಾಹಾರ. ಆದರೂ ಇದನ್ನು ಬರೆಯಬೇಕು.

ಪ್ರಾಣೇಶ ಮೊದಲು ಒಳಲೆಯಿಂದ ಹಸುವಿನ ಹಾಲು ಕುಡಿಯಲೇ ಇಲ್ಲ. ಬಾಯಿ ಬಿಗಿದುಕೊಂಡು, ಆ ಪುಟ್ಟ ಬೆಳ್ಳಿಯ ಕೊಕ್ಕನ್ನು ನಾಲಗೆಯಿಂದ ಹೊರದಬ್ಬುತ್ತಿದ್ದ. ಇವತ್ತು ಕುಡಿದ. ನನ್ನ ತೊಡೆಯ ಮೇಲೆ ಅಂಗಾತ ಮಲಗಿ, ನನ್ನನ್ನೇ ದಿಟ್ಟಿಸುತ್ತ, ಒಂದೊಂದೇ ಗುಟುಕು ಕುಡಿದ. ಕುಡಿದು ಮುಗಿದ ಮೇಲೆ ಕೈ ಎತ್ತಿ ನನ್ನ ತಲೆಯ ಮೇಲಿನ ಕೆಂಪು ಸೆರಗನ್ನು ಎಳೆದ. ಬೋಳುತಲೆ ಕಂಡು ಗಾಬರಿಯಾಗುತ್ತಾನೆ ಎಂದು ಹೆದರಿದೆ. ಅವನು ಅಂಗೈಯಿಂದ ಅದನ್ನು ಸವರಿದ. ಸಣ್ಣ ಕೂದಲು ಚುಚ್ಚಿ ಕಚಗುಳಿ ಆಯಿತೋ ಏನೋ, ನಕ್ಕುಬಿಟ್ಟ. ಮತ್ತೆ ಸವರಿದ, ಮತ್ತೆ ನಕ್ಕ. ನನ್ನ ತಲೆಯನ್ನು ಹಜಾಮನ ಹೊರತು ಬೇರೆ ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತು!

ವಾಸನೆ ಹಾಗೆಯೇ ಇದೆ. ತಾಯಿಯ ಹಾಲು ನಿಲ್ಲಿಸಿದ ಮೇಲೂ ಯಾಕೆ ಎಂದು ಕೇಳಿದೆ. "ಹುಟ್ಟಿದಾಗಿಂದ ಕುಡದ ಹಾಲು. ಎಲುವಿನಾಗ ಇಳದಿರ್ತದ. ಸಾವಕಾಶ ಹೋಗಬೇಕು," ಎಂದರು ಅಮ್ಮ.

ವೈಶಾಖ ಬಹುಳ ಸಪ್ತಮಿ

ಪ್ರಾಣೇಶನನ್ನು ಎಲ್ಲರೂ ಪಾಣಿ ಎಂದು ಕರೆಯುತ್ತಿದ್ದಾರೆ. ನಾನು ಹಾಗೆ ಕರೆಯುವುದನ್ನು ಕೇಳಿ ಕಲಿತರು. ನಮ್ಮ ಪಾಣಿ ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನನ್ನನ್ನು ಹುಡುಕುತ್ತಾನೆ. ದೇವರ ಕೋಣೆಯ ಹೊಸ್ತಿಲ ತನಕ ನನ್ನ ಹಿಂದೆಯೇ ತೆವಳುತ್ತಾನೆ. ನೆರೆಯವರು ಅವನನ್ನು ಎತ್ತಿಕೊಂಡು ತಕ್ಷಣ ಮುಖ ಆಚೆ ತಿರುಗಿಸುತ್ತಾರೆ. ನನಗೆ ಆ ವಾಸನೆ ಅಷ್ಟಾಗಿ ತಿಳಿಯುವುದೇ ಇಲ್ಲ. ರೂಢಿಯಾಗಿದೆ. ಬೇರೆಯವರು ಎತ್ತಿಕೊಳ್ಳದಿದ್ದರೆ ಬೇಡ.

ಇಂದಿರೆಯ ಸುದ್ದಿ ಬಂತು. ಸಿರುಗುಪ್ಪದಿಂದ ಅಕ್ಕಿ ಹೇರಿಕೊಂಡು ಬರುವ ಗಾಡಿಯ ಉಜ್ಜಿನಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಒಂದು ಕುಲಾವಿ ಕೊಟ್ಟ.

"ಆಚಾರ್ರ ಮಗಳು ಕೊಟ್ಟು ಕಳಿಸ್ಯಾರ್ರಿ. ಕೂಸು ಹೆಂಗೈತಿ ಕೇಳಿಕೊಂಡು ಬಾ ಅಂದಾರ. ಹಾಲು ಕಟ್ಟಿ ಜರ ಬಂದು ಮಲಗಿದ್ರಂತ್ರಿ, ಈಗ ಎದ್ದಾರ."

ಮಗು ಚೆನ್ನಾಗಿದೆ ಎಂದು ಹೇಳು ಎಂದೆ. ಕುಲಾವಿ ಹಸಿರು ಸಕಲಾತಿ ಉಣ್ಣೆಬಟ್ಟೆಯದು, ಚೆನ್ನಾಗಿ ಹೊಲಿದಿದ್ದಾಳೆ. ಪಾಣಿಯ ತಲೆಗೆ ಬಿಗಿಯಾದೀತು. ಈ ಸೆಖೆಯಲ್ಲಿ ಅದೆಲ್ಲ ಹಾಕಬಾರದು. ಪೆಟ್ಟಿಗೆಯಲ್ಲಿಟ್ಟೆ.

ಜ್ಯೇಷ್ಠ ಶುದ್ಧ ಪಂಚಮಿ

ಕುರುಗೋಡಿನಲ್ಲಿ ಒಂದು ಹೆಣ್ಣಿದೆಯಂತೆ. ಅಮ್ಮ ಜಯತೀರ್ಥನ ಊಟದ ಹೊತ್ತಿನಲ್ಲಿ ಮಾತು ತೆಗೆದರು.

"ಹಾಲು ಕೆಟ್ಟ ಹೆಂಗಸು. ಮುಂದಿನ ಕೂಸಿಗೂ ಹಿಂಗ ಆಗ್ತದ. ಒಂದು ವಿಚಾರ ಮಾಡು," ಎಂದರು.

ಜಯತೀರ್ಥ ಮಜ್ಜಿಗೆ ಅನ್ನ ಕಲಸುತ್ತ ಇದ್ದ. "ನಿಮಗ ತಿಳಿದಂಗ ಮಾಡ್ರಿ," ಎಂದ. ಅಷ್ಟೇ.

ಹೊಸಬಳು ಬಂದರೆ ಪಾಣಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನನಗೆ ದಿಗಿಲಾಯಿತು. ಆಮೇಲೆ ಯೋಚಿಸಿದೆ. ಹೊಸಬಳಿಗೆ ತನ್ನವೇ ಮಕ್ಕಳಾಗುತ್ತವೆ. ಇವನು ನನ್ನ ಹತ್ತಿರವೇ ಇರುತ್ತಾನೆ. ಇಂಥ ವಿಷಯಗಳಲ್ಲಿ ನಾನು ಬಾಯಿ ಹಾಕುವುದಿಲ್ಲ.

ಜ್ಯೇಷ್ಠ ಶುದ್ಧ ದಶಮಿ

ಬೆಳಿಗ್ಗೆ ಪಾಣಿಗೆ ಎಣ್ಣೆ ಹಚ್ಚುತ್ತಿದ್ದೆ. ಎಡಮೂಗು ಹಳದಿ ಸಿಂಬಳ ಕಟ್ಟಿ ಮುಚ್ಚಿಹೋಗಿತ್ತು, ಗೊರಗೊರ ಎನ್ನುತ್ತಿದ್ದ. ತುಪ್ಪ ಬೆಚ್ಚಗೆ ಮಾಡಿ ಆ ಹೊಳ್ಳೆಗೆ ಹನಿ ಬಿಟ್ಟೆ. ಅವನು ಒದ್ದಾಡಿದ, ಅತ್ತ, ಆಮೇಲೆ ಸೀನಿದ. ಇನ್ನೊಮ್ಮೆ ಜೋರಾಗಿ ಸೀನಿದಾಗ ನನ್ನ ಅಂಗೈ ಮೇಲೆ ಏನೋ ಬಿತ್ತು.

ಕಪ್ಪಗೆ, ಲೋಳೆಯಾಗಿ, ರಕ್ತ ಸುತ್ತಿಕೊಂಡಿತ್ತು. ಆ ನಾತವೆಲ್ಲ ಅದರಲ್ಲೇ ಇತ್ತು. ಇಷ್ಟು ದಿನ ಮನೆಯವರೆಲ್ಲ ಮುಖ ತಿರುಗಿಸಿದ ನಾತ ನನ್ನ ಅಂಗೈಯಲ್ಲಿತ್ತು. ತಂಬಿಗೆಯ ನೀರು ಹಾಕಿ ತೊಳೆದು ನೋಡಿದೆ. ಹತ್ತಿಕಾಳು. ಸುತ್ತಲಿನ ನಾರು ಕೊಳೆತು ಅಂಟಿಕೊಂಡಿತ್ತು.

ಮಗುವಿನ ಬಾಯಿ ಮೂಸಿದೆ. ಮತ್ತೆ ಮೂಸಿದೆ. ಹಸುವಿನ ಹಾಲಿನ ವಾಸನೆ, ಬೇರೇನೂ ಇಲ್ಲ.

ದೇವರ ಬತ್ತಿಗೆಂದು ಈ ಮನೆಯಲ್ಲಿ ಹತ್ತಿ ಬಿಡಿಸುವವಳು ನಾನೊಬ್ಬಳೇ. ಪಡಸಾಲೆಯಲ್ಲಿ ಕೂತು ಬಿಡಿಸುವಾಗ ಮಗು ಅಲ್ಲೇ ಸುತ್ತಮುತ್ತ ತೆವಳುತ್ತಿರುತ್ತಿತ್ತು. ಕಾಳು ಎಲ್ಲಿ ಬಿತ್ತು, ಯಾವಾಗ ಅವನ ಕೈಗೆ ಸಿಕ್ಕಿತು, ನನಗೆ ಗೊತ್ತಾಗಲಿಲ್ಲ.

ಅಮ್ಮನಿಗೆ ಹೇಳಬೇಕೆಂದು ಎದ್ದೆ. ಅಮ್ಮ ಮಡಿಯಲ್ಲಿ ಪೂಜೆಗೆ ಕೂತಿದ್ದರು. ಪೂಜೆ ಮುಗಿಯಲಿ ಎಂದು ಒಲೆಯ ಮುಂದೆ ಕೂತೆ. ಕೈಯಲ್ಲಿ ಕಾಳು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಅದು ಒಲೆಯಲ್ಲಿತ್ತು. ಚಟ್ ಎಂದು ಸಿಡಿಯಿತು.

ನಾಳೆ ಹೇಳುತ್ತೇನೆ.

ಜ್ಯೇಷ್ಠ ಶುದ್ಧ ದ್ವಾದಶಿ

ನಿನ್ನೆ ಏಕಾದಶಿ. ಉಪವಾಸದ ಆಯಾಸದಲ್ಲಿ ಇಂಥ ಮಾತು ಸರಿಯಾಗಿ ಹೇಳಲು ಬರುವುದಿಲ್ಲ.

ಅಮ್ಮ ಇವತ್ತು ಪಾಣಿಯ ಮುಖಕ್ಕೆ ಮುಖ ಒತ್ತಿ, "ಹೋತು! ಪೂರಾ ಹೋತು ನೋಡು!" ಎಂದು ಕಣ್ಣೀರು ಹಾಕಿದರು. "ಆ ಹಾಲಿನ ಅಂಶ ಈಗ ಮೈಯಿಂದ ಇಳೀತು." ಬಂದವರಿಗೆಲ್ಲ ಅದನ್ನೇ ಹೇಳಿದರು. "ಸರಸೂ ಕೈಗುಣ," ಎಂದೂ ಹೇಳಿದರು. ಅಮ್ಮ ನನ್ನ ಹೆಸರು ಹಾಗೆ ಹೇಳಿದ್ದು ಯಾವತ್ತೂ ಕೇಳಿರಲಿಲ್ಲ.

ಜ್ಯೇಷ್ಠ ಬಹುಳ ತದಿಗೆ

ಅಮ್ಮನಿಗೆ ಉಬ್ಬಸ ಜಾಸ್ತಿ. ಈಗ ಹೇಳುವುದು ಸರಿಯಲ್ಲ.

ಜ್ಯೇಷ್ಠ ಬಹುಳ ದಶಮಿ

ಇಂದಿರೆಗೆ ಈಗ ಹಾಲು ಬತ್ತಿರುತ್ತದೆ. ಹೇಳಿದರೂ ಮೊದಲಿನಂತೆ ಆಗುವುದಿಲ್ಲ. ಮಗು ಒಂದು ಕಡೆ ಹೊಂದಿಕೊಂಡಿರುವಾಗ ಮತ್ತೆ ಕೀಳುವುದು ಮಗುವಿಗೇ ಕಷ್ಟ. ನಾನು ಅವನ ಬಗ್ಗೆ ಯೋಚಿಸಬೇಕು.

ನನ್ನ ಪಾಣಿ ಇವತ್ತು "ಅಮ್ಮ" ಎಂದ, ನನ್ನ ಕಡೆ ಕೈ ಚಾಚಿ. ನಾನು ತಿದ್ದಲಿಲ್ಲ. ಮಕ್ಕಳು ಮೊದಲು ಎಲ್ಲರನ್ನೂ ಹಾಗೆಯೇ ಕರೆಯುತ್ತವೆ.

ಆಷಾಢ ಶುದ್ಧ ಅಷ್ಟಮಿ

ಇಂದಿರೆ ಬಂದಿದ್ದಳು.

ಆಚಾರ್ಯರು ಹೇಳಿಕಳಿಸದೆ ಕರೆದುಕೊಂಡು ಬಂದಿದ್ದರು. ಮಗುವಿಗೆ ಗುಣವಾಗಿದೆಯೆಂದು ಉಜ್ಜಿನಪ್ಪ ಹೇಳಿದನಂತೆ. ದೂರದಿಂದ ಒಮ್ಮೆ ನೋಡಿಕೊಂಡು ಹೋಗುತ್ತೇವೆ ಎಂದರು. ಅಮ್ಮ ಬೇಡ ಎನ್ನಲಿಲ್ಲ. ಒಳಗೂ ಕರೆಯಲಿಲ್ಲ. ಕಟ್ಟೆಯ ಮೇಲೆ ಚಾಪೆ ಹಾಕಿಸಿದರು.

ನಾನು ಪಾಣಿಯನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ. ಇಂದಿರೆ ಸೊರಗಿಹೋಗಿದ್ದಳು. ಮಗುವನ್ನು ಕಂಡೊಡನೆ ಎದ್ದಳು, ಎರಡು ಹೆಜ್ಜೆ ಬಂದು ನಿಂತಳು. ಆಮೇಲೆ ಸೆರಗನ್ನು ಮಡಿಸಿ ತನ್ನ ಬಾಯಿಗೂ ಮೂಗಿಗೂ ಒತ್ತಿಕೊಂಡಳು.

"ಬಾ, ಹತ್ರ ಬಾ, ನೋಡು," ಎಂದೆ.

ಸೆರಗಿನ ಒಳಗಿನಿಂದಲೇ, "ಬ್ಯಾಡ್ರಿ ಸರಸಕ್ಕ. ನನ್ನ ಉಸುರು ತಾಗಬಾರದ್ರಿ. ಈಗ ಛಲೋ ಆಗ್ಯಾನ," ಎಂದಳು. ಕಣ್ಣು ಮಾತ್ರ ಹೊರಗೆ. ಅಲ್ಲಿಂದಲೇ ಅವನ ಕಾಲು, ಕೈ, ಹೊಟ್ಟೆ ಎಲ್ಲ ನೋಡಿದಳು. "ಪಾದ ಎಷ್ಟು ದೊಡ್ಡವಾಗ್ಯಾವ!" ಎಂದಳು.

ಪಾಣಿ ಮುಖ ಮುಚ್ಚಿಕೊಂಡವಳನ್ನು ಕಂಡು ಹೆದರಿ ನನ್ನ ಕತ್ತನ್ನು ಬಿಗಿಯಾಗಿ ತಬ್ಬಿಕೊಂಡ. "ಅಮ್ಮ," ಎಂದ. ಇಂದಿರೆಗೆ ಕೇಳಿಸಿತು.

ಹೇಳಬೇಕಾಗಿತ್ತು. ನಾಲಗೆ ಮೇಲಿತ್ತು. ಮಗು ಅಳುತ್ತಿದೆ ಎಂದು ನಾನು ಒಳಗೆ ಬಂದೆ.

ಆಷಾಢ ಶುದ್ಧ ದಶಮಿ

ಬರೆಯಲು ಏನೂ ಇಲ್ಲ.

ಆಷಾಢ ಬಹುಳ ಪಂಚಮಿ

ಅನ್ನ ಸೇರುತ್ತಿಲ್ಲ. ಕಣ್ಣು ಮುಚ್ಚಿದರೆ ಸೆರಗು ಒತ್ತಿಕೊಂಡ ಮುಖ. ಅಮ್ಮ ಪಿತ್ತವಾಗಿದೆ ಎನ್ನುತ್ತಾರೆ, ಶುಂಠಿ ಕಷಾಯ ಮಾಡಿಕೊಟ್ಟರು.

ಶ್ರಾವಣ ಶುದ್ಧ ಪಂಚಮಿ ಆದ ಮರುದಿನ

ಇವತ್ತು ನಡೆದದ್ದನ್ನು ಒಂದೊಂದಾಗಿ ಬರೆಯುತ್ತೇನೆ.

ಕುರುಗೋಡಿನವರು ಮಾತು ಮುಗಿಸಲು ಬಂದಿದ್ದರು. ಹೆಣ್ಣಿನ ತಂದೆ, ಸೋದರಮಾವ, ಇನ್ನೊಬ್ಬ ಹಿರಿಯರು. ಶುಭದ ಮಾತಿಗೆ ಬಂದವರ ಕಣ್ಣಿಗೆ ನಾನು ಬೀಳಬಾರದೆಂದು ಅಮ್ಮ ಬೆಳಿಗ್ಗೆಯೇ ಹೇಳಿದ್ದರು. ಅಡಿಗೆಮನೆಯಲ್ಲಿ ಪಾಣಿಗೆ ಅನ್ನ ಕಲಸುತ್ತಿದ್ದೆ. ಪಡಸಾಲೆಯ ಮಾತು ಕೇಳಿಸುತ್ತಿತ್ತು. ಹೆಣ್ಣಿನ ತಂದೆ ಮೊದಲ ಹೆಂಡತಿಯ ವಿಷಯ ಕೇಳಿದರು. ಅಮ್ಮ ಹೇಳಿದರು: "ಆಕಿ ಹಾಲೂ ಕೆಟ್ಟದ್ದು, ಉಸಿರೂ ಕೆಟ್ಟದ್ದು. ಇಲ್ಲಿಗೆ ಬಂದಾಗ ತಾನ ಬಾಯಿ ಮುಚ್ಚಿಕೊಂಡು ನಿಂತಿದ್ಳು. ತನ್ನ ದೋಷ ತನಗ ಗೊತ್ತದ."

ನಾನು ಎದ್ದೆ. ಕೈಯಲ್ಲಿ ಅನ್ನ ಹಾಗೆಯೇ ಇತ್ತು. ಪಡಸಾಲೆಯ ನಡುವೆ ಹೋಗಿ ನಿಂತೆ. ಬಂದವರು ನನ್ನ ಕೆಂಪು ಸೀರೆ ಕಂಡು ಮುಖ ತಿರುಗಿಸಿದರು.

"ಹಾಲಿನ ದೋಷ ಅಲ್ಲ," ಎಂದೆ. "ಹತ್ತಿಕಾಳು. ಎಡಮೂಗಿನಾಗ ಹೋಗಿ ಕೂತಿತ್ತು, ಅಲ್ಲೇ ಕೊಳತಿತ್ತು. ಅದಕ್ಕ ಬಾಯಿ ನಾತ. ನನ್ನ ಕೈಯಾಗ ಬಿತ್ತು. ಬಿದ್ದ ಕೂಡಲೆ ವಾಸನಿ ಹೋತು. ನಾನು ಬಿಡಿಸಿದ ಹತ್ತಿದು ಆ ಕಾಳು. ಇಂದಿರಾಂದು ಏನೂ ತಪ್ಪಿಲ್ಲ."

ಅಮ್ಮ, "ಒಳಗ ನಡಿ!" ಎಂದರು. ನಾನು ಹೋಗಲಿಲ್ಲ.

ಜಯತೀರ್ಥ ನಿಧಾನವಾಗಿ ಕೇಳಿದ: "ಯಾವಾಗ ಬಿತ್ತು?"

"ಜ್ಯೇಷ್ಠದಾಗ."

"ಈಗ ಶ್ರಾವಣ, ಅಕ್ಕಾ."

ಅವನು ನೆಲ ನೋಡಿದ. ಇಂದಿರೆಯನ್ನು ಕರೆಸೋಣ ಎನ್ನುತ್ತಾನೆ ಎಂದು ಕಾದೆ. ಹೆಣ್ಣಿನ ಸೋದರಮಾವ ಗಂಟಲು ಸರಿಮಾಡಿಕೊಂಡು, "ಕಾಳೋ ಹಾಲೋ, ಅದು ನಿಮ್ಮ ಮನಿ ಮಾತು. ನಾವು ನಾಲ್ಕು ಮಂದಿಗೆ ಹೇಳಿ ಬಂದೇವಿ," ಎಂದರು. ಜಯತೀರ್ಥ, "ಮಾತು ಕೊಟ್ಟಾಗ್ಯದ," ಎಂದ. ಇನ್ನೂ ನೆಲವನ್ನೇ ನೋಡುತ್ತಿದ್ದ.

ಆಮೇಲೆ ಆ ಹಿರಿಯರು ಸಮಾಧಾನದ ದನಿಯಲ್ಲಿ ಹೇಳಿದರು: "ತಾಯಿ ಹಾಲಿನಾಗ ದೋಷ ಇಲ್ಲ ಅಂದ್ರ ಕೂಸು ತಾಯಿ ಹತ್ರನ ಇರಲಿ. ನಮ್ಮ ಹುಡುಗಿಗೂ ಬಂದ ಕೂಡಲೆ ಸವತಿ ಮಗನ್ನ ಸಾಕೋದು ತಪ್ತದ. ಮುಂಜಿವಿ ವಯಸ್ಸಿಗೆ ಕರಸಿಕೊಳ್ರಿ." ಎಲ್ಲರೂ ಅದು ನ್ಯಾಯವಾದ ಮಾತು ಎಂದರು. ಅಮ್ಮ ಮಾತ್ರ ಅತ್ತರು. ಲಗ್ನ ಮಾರ್ಗಶಿರಕ್ಕೆ ನಿಶ್ಚಯವಾಯಿತು.

ನಾನು ನಿಜ ಹೇಳಿದರೂ ಇಂದಿರೆಯ ಮನೆ ಉಳಿಯಲಿಲ್ಲ. ನಾಡಿದ್ದು ಉಜ್ಜಿನಪ್ಪನ ಗಾಡಿಯಲ್ಲಿ ಮಗುವನ್ನು ಕರೆದುಕೊಂಡು ಹೋಗುತ್ತೇನೆ. ಬೇರೆ ಯಾರ ಜೊತೆಗೂ ಅವನು ಹೋಗುವುದಿಲ್ಲ.

ಶ್ರಾವಣ ಶುದ್ಧ ದಶಮಿ. ಸಿರುಗುಪ್ಪ

ಮೋಕಾದಲ್ಲಿ ಎತ್ತು ಬಿಟ್ಟು ತಂಗಿದೆವು. ಹಗರಿ ಹೊಳೆಯಲ್ಲಿ ನೀರು ಮೊಣಕಾಲು ಮುಳುಗುವಷ್ಟು. ಗಾಡಿ ಮರಳಲ್ಲಿ ಹೂತು ಎಬ್ಬಿಸುವುದೇ ಕಷ್ಟವಾಯಿತು. "ಕೂಸಿನ್ನ ಗಟ್ಟಿ ಹಿಡಕೊಳ್ರಿ ತಾಯಿ," ಎಂದು ಉಜ್ಜಿನಪ್ಪ ಕೂಗುತ್ತಿದ್ದ. ಗಟ್ಟಿಯಾಗಿಯೇ ಹಿಡಿದಿದ್ದೆ. ಇಡೀ ದಾರಿ ಕೆಳಗೆ ಇಳಿಸಲಿಲ್ಲ.

ಆಚಾರ್ಯರ ಮನೆಯಲ್ಲಿ ಇಂದಿರೆಗೆ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಅವಳೇ ಕೇಳಿ ಇಡಿಸಿಕೊಂಡಳಂತೆ. ಇದ್ದಿಲು ಉಪ್ಪು ಹಾಕಿ ತಿಕ್ಕಿ ತಿಕ್ಕಿ ಒಸಡು ಹುಣ್ಣಾಗಿದೆ. ಯಾವಾಗಲೂ ಬಾಯಲ್ಲಿ ಲವಂಗ. ನಾನು ಎಲ್ಲ ಹೇಳಿದೆ. ಕಾಳಿನದು, ಒಲೆಯದು, ಎಲ್ಲ. ಕುರುಗೋಡಿನದೂ ಹೇಳಿದೆ.

ಅವಳು ಅಳಲಿಲ್ಲ. ಬಾಯಿಂದ ಲವಂಗ ತೆಗೆದು ಆಚೆ ಎಸೆದಳು. ನನ್ನ ಮುಖದ ಹತ್ತಿರ ಬಂದು ಜೋರಾಗಿ ಉಸಿರು ಬಿಟ್ಟಳು.

"ವಾಸನಿ ಅದ ಏನ್ರಿ?"

"ಇಲ್ಲ, ಇಂದಿರಾ."

"ಸರಿಯಾಗಿ ನೋಡ್ರಿ." ಮತ್ತೆ ಬಿಟ್ಟಳು.

"ಇಲ್ಲ."

ಆಮೇಲೆ ಕೇಳಿದಳು: "ನಾ ಬಳ್ಳಾರಿಗೆ ಬಂದು ಕಟ್ಟಿ ಮ್ಯಾಲೆ ನಿಂತಾಗ ನಿಮಗ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಮಗುವನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಅವನು ಬರಲಿಲ್ಲ. ಕಿರುಚಿ, ಬೆನ್ನು ಬಿಲ್ಲಾಗಿಸಿ, ನನ್ನ ಸೆರಗು ಹಿಡಿದುಕೊಂಡ. ಇಂದಿರೆ ಕೈ ಹಿಂದೆ ತೆಗೆದುಕೊಂಡು ಒಳಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತು ಹೇಳಿದಳು: "ಅವ ನನ್ನ ಹತ್ರ ಬರೋತನಕ ನೀವು ಹೋಗಬ್ಯಾಡ್ರಿ. ಬಂದ ಮ್ಯಾಲೆ ಒಂದು ದಿನಾನೂ ಇರಬ್ಯಾಡ್ರಿ."

ಆಗಲಿ ಎಂದೆ.

ಶ್ರಾವಣ ಬಹುಳ ಬಿದಿಗೆ

ಒಳಲೆ ಇಂದಿರೆಯ ಕೈಗೆ ಕೊಟ್ಟೆ. ಅವನು ನನ್ನ ತೊಡೆಯ ಮೇಲೆ ಮಲಗಿರುತ್ತಾನೆ, ಹಾಲು ಅವಳು ಕುಡಿಸುತ್ತಾಳೆ. ಮೊದಲ ದಿನ ಉಗುಳಿದ. ಇವತ್ತು ಕುಡಿದ.

ಶ್ರಾವಣ ಬಹುಳ ನವಮಿ

ಈಗ ಅವಳ ತೊಡೆಯ ಮೇಲೆ ಮಲಗುತ್ತಾನೆ, ನಾನು ಪಕ್ಕದಲ್ಲಿ ಕಾಣುತ್ತಿದ್ದರೆ. ಅವನು "ಅಮ್ಮ" ಎಂದಾಗೆಲ್ಲ ನಾನು ಇಂದಿರೆಯ ಕಡೆ ಕೈ ತೋರಿಸುತ್ತೇನೆ. ಅವನು ಅವಳನ್ನು ನೋಡುತ್ತಾನೆ, ಮತ್ತೆ ನನ್ನನ್ನು ನೋಡುತ್ತಾನೆ.

ದಿನವೂ ಸ್ವಲ್ಪ ದೂರ ಕೂರುತ್ತೇನೆ.

ಇಂದಿರೆಗೆ ಹಾಲು ಬತ್ತಿದೆ. ಆದರೂ ಅವಳು ಅವನನ್ನು ಎದೆಗೆ ಹಾಕಿಕೊಂಡಳು. ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸುಮ್ಮನೆ ಕೆನ್ನೆ ಇಟ್ಟು ಮಲಗಿದ. ಅವಳು ಬಗ್ಗಿ ಅವನ ಮುಖದ ಮೇಲೆ ಉಸಿರಾಡಿದಳು, ಬಾಯಿ ತೆರೆದು, ನಿಧಾನವಾಗಿ. ಅವನು ಕಣ್ಣು ಮುಚ್ಚಿದ. ನಾನು ಎದ್ದು ಹಿತ್ತಲಿಗೆ ಬಂದೆ.

ಶ್ರಾವಣ ಬಹುಳ ತ್ರಯೋದಶಿ

ಇವತ್ತು ಅಂಗಳದಲ್ಲಿ ನಿಂತ, ಹಿಡಿದುಕೊಳ್ಳದೆ. ಬಿದ್ದ. ಅತ್ತಾಗ ಇಬ್ಬರೂ ಎದ್ದೆವು. ನಾನು ಕೂತೆ.

ಭಾದ್ರಪದ ಶುದ್ಧ ತದಿಗೆ

ಮಧ್ಯಾಹ್ನ ಅಂಗಳದಲ್ಲಿ ನಾನು ಈಚೆ ಕೂತಿದ್ದೆ, ಇಂದಿರೆ ಆಚೆ ತುಳಸಿಕಟ್ಟೆಯ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ಪ್ರಾಣೇಶ ಕಂಬ ಬಿಟ್ಟು ನಡೆದು ಬಂದ. ತೊಡರುತ್ತ, ಕೈ ಎರಡೂ ಮೇಲೆತ್ತಿಕೊಂಡು. ನನ್ನ ಕಡೆಗೇ ಬರುತ್ತಿದ್ದ. ನನ್ನ ಕೈ ತಾನಾಗಿ ಮುಂದೆ ಬಂತು, ಸೆರಗಿನೊಳಗೆ ಎಳೆದುಕೊಂಡೆ. ಅವನು ನನ್ನ ಭುಜ ಹಿಡಿದು ನಿಂತ, ಉಸಿರು ಸುಧಾರಿಸಿಕೊಂಡ. ಆಮೇಲೆ ಭುಜ ಬಿಟ್ಟು, ನನ್ನನ್ನು ದಾಟಿಕೊಂಡು ಇಂದಿರೆಯ ಹತ್ತಿರ ಹೋದ. ಅವಳ ಮೊರ ಮಗುಚಿ ಅಕ್ಕಿಯೆಲ್ಲ ಚೆಲ್ಲಿತು.

ಇಂದಿರೆ ಅವನನ್ನು ಎತ್ತಿಕೊಂಡು ನನ್ನ ಕಡೆ ನೋಡಿದಳು.

ಚೆಲ್ಲಿದ ಅಕ್ಕಿಯನ್ನು ಬಳಿದು ಮೊರಕ್ಕೆ ಹಾಕಿಕೊಟ್ಟು ಒಳಗೆ ಬಂದೆ. ಉಜ್ಜಿನಪ್ಪನ ಗಾಡಿ ನಾಳೆ ಬೆಳಿಗ್ಗೆ ಬಳ್ಳಾರಿಗೆ ಹೊರಡುತ್ತದೆ. ಅಮ್ಮ ಬಾ ಎಂದು ಹೇಳಿಸಿಲ್ಲ, ಬೇಡ ಎಂದೂ ಹೇಳಿಸಿಲ್ಲ. ಇರುವುದು ಎರಡು ಸೀರೆ. ಗಂಟು ಕಟ್ಟಲು ಹೊತ್ತು ಬೇಕಾಗಲಿಲ್ಲ.